ಮೂರನೆಯ ಕೂಗು

ಗೋಕಾಕ
ರವಿವಾರ, ೨-೧೦-೧೯೬೬

ಘೋಡಗೇರಿಯ ಸೀತವ್ವನಿಗೆ, ನಿನ್ನ ಅವ್ವನನ್ನು ಹಡೆದ ಯಮನವ್ವ ಆಯಿ ಬರೆಯುವುದು.

ಇಲ್ಲಿ ಆಶೀರ್ವಾದ ಎಂದು ಬರೆಯಬೇಕು. ಹದಿನಾರು ವರ್ಷ ಕೊಡದೆ ಇಟ್ಟುಕೊಂಡದ್ದನ್ನು ಒಂದು ಸಾಲಿನಲ್ಲಿ ಹೇಗೆ ಕೊಡಬೇಕೋ ತಿಳಿಯಲಿಲ್ಲ. ಅದಕ್ಕೇ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಮುಂದಿನದನ್ನೆಲ್ಲ ಓದಿದ ಮೇಲೆ, ಬೇಕೆನಿಸಿದರೆ ನೀನೇ ತುಂಬಿಕೊ.

ನಿನ್ನ ಪಾಕೀಟು ಮಂಗಳವಾರ ಬಂತು. ಘೋಡಗೇರಿಯಲ್ಲಿ ನನಗೆ ಯಾರಿದ್ದಾರೆ ಎಂದು ನಿನ್ನ ಸೋದರಮಾವ ದುಂಡಪ್ಪ ಕೇಳಿದ. ಬದನೆ ಬೀಜದ ವಿಚಾರ ಎಂದು ಹೇಳಿ ಎಲೆ ಅಡಿಕೆ ಸಂಚಿಯಲ್ಲಿ ತುರುಕಿಕೊಂಡೆ. ಬದನೆ ಬೀಜದವರು ಇಷ್ಟು ಚಂದ ಅಕ್ಷರ ಬರೆಯುತ್ತಾರೆಯೇ ಎಂದು ಸೊಸೆ ಗೊಣಗಿದಳು. ಹುಕ್ಕೇರಿಯ ಹೆಣ್ಣು ಅವಳು. ಮೂಗು ಚೂಪು, ಕಣ್ಣು ಅದಕ್ಕಿಂತ ಚೂಪು. ನಾನು ಕಲಿತದ್ದು ಮೂರನೇ ಇಯತ್ತೆ. ಮನೆಯ ಪತ್ರಗಳನ್ನೆಲ್ಲ ದುಂಡಪ್ಪನೇ ಬರೆಯುವುದು. ಇದನ್ನು ಮಾತ್ರ ನಾನೇ ಬರೆಯುತ್ತಿದ್ದೇನೆ, ನಾಲ್ಕು ದಿನವಾಯಿತು. ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿಕೊ. ಮಾತು ತಿದ್ದಬೇಡ.

ನೀನು ಕೇಳಿದ್ದು ದೆವ್ವದ ಪಿಚ್ಚರುಗಳ ವಿಚಾರ. ಮಾನವಮಿ ಅಮಾವಾಸ್ಯೆಯಿಂದ ದೀಪಾವಳಿ ಅಮಾವಾಸ್ಯೆಯವರೆಗೆ ಶೆಟ್ಟೆಪ್ಪನ ಟೆಂಟು ಹುಕ್ಕೇರಿಯಲ್ಲಿ ಇರುತ್ತದೆ, ದಿನಕ್ಕೊಂದು ದೆವ್ವದ ಪಿಚ್ಚರು, ನಿನಗೂ ನಿನ್ನ ಗೆಳತಿಯರಿಗೂ ನಾಲ್ಕು ಪಿಚ್ಚರಿಗೆ ಮಾತ್ರ ಹೋಗಗೊಡುತ್ತಾರೆ, ಎಲ್ಲರೂ ನೋಡಿದ್ದು ಬೇಡ, ಯಾರಿಗೂ ಗೊತ್ತಿಲ್ಲದ್ದು ಹೇಳು ಎಂದು ಬರೆದಿದ್ದೀ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಈ ವಿಚಾರ ಯಮನವ್ವನನ್ನೇ ಕೇಳಬೇಕು ಎನ್ನುತ್ತಾರೆ ಅಂತಲೂ ಬರೆದಿದ್ದೀ. ಅದು ಖರೆ. ಆದರೆ ಕಟ್ಟಕಡೆಗೆ, ಇರುವೆಯಂಥ ಅಕ್ಷರದಲ್ಲಿ, ನಮ್ಮ ಅವ್ವ ಇರುವ ಪಿಚ್ಚರು ಯಾವುದು, ಅವಳು ಒಮ್ಮೆ ನಿಮ್ಮ ಬಾಗಿಲಿಗೆ ಬಂದಿದ್ದಳಂತೆ, ಅದು ಹೌದೇ ಎಂದು ಕೇಳಿದ್ದೀ. ಮಜ್ಜಿಗೆಗೆ ಬಂದು ಗಡಿಗೆ ಮುಚ್ಚಿಡುವ ಬುದ್ಧಿ ನಿನಗೆ ನನ್ನಿಂದಲೇ ಬಂದಿರಬೇಕು.

ಮೊದಲು ಮಜ್ಜಿಗೆ ಕೊಡುತ್ತೇನೆ.

ಪಿಚ್ಚರುಗಳ ಹೆಸರು ನನಗೆ ಬಾರವು, ಎಲ್ಲ ಹಿಂದಿ, ಮರಾಠಿ. ನಾನಿಟ್ಟ ಹೆಸರನ್ನೇ ಹೇಳುತ್ತೇನೆ, ಶೆಟ್ಟೆಪ್ಪನಿಗೆ ತಿಳಿಯುತ್ತದೆ. ಕಂದೀಲಿನ ಪಿಚ್ಚರನ್ನು ಬಿಡಬೇಡ. ಸ್ವರಾಜ್ಯಕ್ಕಿಂತ ಮೊದಲಿನದು, ಪರದೆಯ ಮೇಲೆ ಮಳೆ ಬಿದ್ದಂತೆ ಗೆರೆ ಬೀಳುತ್ತವೆ. ಹಳೆಯ ವಾಡೆಯಲ್ಲಿ ಒಂದು ಕಂದೀಲು ತಾನೇ ಓಡಾಡುತ್ತದೆ, ಹಿಡಿದ ಕೈ ಕಾಣುವುದಿಲ್ಲ. ಅಷ್ಟೇ. ಕಾಣದ ಕೈಗೆ ನಾನು ಎರಡು ದಿನ ಹೆದರಿದೆ. ಹೊಸದರಲ್ಲಿ ಬಾವಿಯ ದೆವ್ವದ್ದು ಬಂದಿದೆ, ಅದು ಬೇಡ. ಆ ದೆವ್ವಕ್ಕೆ ಪೌಡರು ಹೆಚ್ಚು, ಹಾಡು ಅದಕ್ಕಿಂತ ಹೆಚ್ಚು. ಹಾಡು ಮುಗಿಸಿ ಕೊಲ್ಲಲು ಬರುವುದರೊಳಗೆ ಜನ ಶೇಂಗಾ ತಿಂದು ಮುಗಿಸಿರುತ್ತಾರೆ. ಅತ್ತೆಯ ದೆವ್ವದ್ದು ಹೊಸದಾದರೂ ಚಲೋ ಇದೆ. ಸತ್ತ ಅತ್ತೆ ದಿನಾ ಅಡುಗೆಮನೆಗೆ ಬಂದು ಸೊಸೆಯ ಸಾರಿನ ರುಚಿ ನೋಡುತ್ತಾಳೆ. ನಾನು ಬೇಕೆಂತಲೇ ನನ್ನ ಸೊಸೆಯನ್ನು ಕರೆದುಕೊಂಡು ಹೋದೆ. ಅವಳು ಮನೆಗೆ ಬರುವ ದಾರಿಯಲ್ಲಿ, ನೀವು ಸಾಯೂದ ಯಾಕ ಬೇಕ್ರಿ ಅತ್ತಿ, ಈಗ ಏನ ಕಡಿಮಿ ಐತಿ, ಅಂದಳು. ಬಾಯಿ ಇದೆ ಅವಳಿಗೆ. ನಾನು ಸತ್ತರೂ ಆ ಮನೆ ನಡೆಯುತ್ತದೆ.

ಇನ್ನೊಂದು ಪಾಳುಮನೆಯದು. ಅದರಲ್ಲಿ ಬಾಗಿಲಾಚೆ ಬೆಕ್ಕು ಎಳೆಗೂಸಿನ ಹಾಗೆ ಅಳುತ್ತದೆ. ಎಲ್ಲರೂ ಹೊಗಳುತ್ತಾರೆ. ನಾನು ಅರ್ಧಕ್ಕೇ ಎದ್ದು ಬಂದೆ, ಮತ್ತೆ ಹೋಗಲಿಲ್ಲ. ಅದರ ವಿಚಾರ ಕೇಳಬೇಡ.

ಒಂದು ಮಾತು. ಈ ಪಿಚ್ಚರಿನವರಿಗೆಲ್ಲ ದೆವ್ವದಿಂದ ಎಷ್ಟು ಸಲ ಕೂಗಿಸಬೇಕು ಎಂಬುದೇ ಗೊತ್ತಿಲ್ಲ. ನಮ್ಮ ಕಡೆ ಕೂಸಿಗೂ ಗೊತ್ತು: ದೆವ್ವ ಎರಡು ಸಲಕ್ಕಿಂತ ಹೆಚ್ಚು ಕೂಗಲಾರದು, ಮೂರು ಸಲ ಕೂಗಿದರೆ ಮನುಷ್ಯರು. ಅಮಾವಾಸ್ಯೆಯ ದಿನ ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು, ಬಾಗಿಲು ತೆರೆಯಬಾರದು. ಸತ್ತವರು ಶಿವನ ಪಾದ ಸೇರುತ್ತಾರೆ, ದೆವ್ವ ಆಗುವುದು ನಮ್ಮ ಧರ್ಮದಲ್ಲಿಲ್ಲ ಎಂದು ನಿನ್ನ ಅಜ್ಜ ಗುರುಲಿಂಗಪ್ಪ ಹೇಳುತ್ತಿದ್ದರು. ಅಮಾವಾಸ್ಯೆ ಬಂದರೆ ಬಾಗಿಲಿಗೆ ಬೇವಿನ ಟೊಂಗೆ ಸಿಗಿಸುವವರೂ ಅವರೇ.

ಇನ್ನು ನಿನ್ನ ಅವ್ವನ ಪಿಚ್ಚರು. ಅದನ್ನು ನಾನು ಒಡ್ಡಿನ ಪಿಚ್ಚರು ಅನ್ನುತ್ತೇನೆ.

ನಲವತ್ತೆಂಟರ ಬೇಸಿಗೆಯಲ್ಲಿ ಕೊಲ್ಹಾಪುರದ ಸಿನಿಮಾದವರು ಹೊಳೆಗೆ ಕಟ್ಟಿದ ಧುಪದಾಳದ ಒಡ್ಡಿಗೆ ಬಂದರು. ನೀರಿನ ದೆವ್ವ ಬಿಳಿ ಸೀರೆಯಲ್ಲಿ ಒಡ್ಡಿನ ಗೋಡೆಯ ಮೇಲೆ ನಡೆದು ಹೋಗಬೇಕಾಗಿತ್ತು. ಅವರು ಕರೆತಂದ ಹೆಣ್ಣುಮಗಳು ಪಾಚಿ ನೋಡಿ ಕಾಲಿಡಲೊಲ್ಲೆ ಎಂದಳು. ನಮ್ಮ ಹೊಲ ಆಚೆ ದಂಡೆಗೆ. ನಿನ್ನ ಅವ್ವ, ನಮ್ಮ ಶಿವವ್ವ, ಬುತ್ತಿ ಹೊತ್ತುಕೊಂಡು ದಿನಾ ಅದೇ ಗೋಡೆಯ ಮೇಲೆ ಹೋಗಿಬರುವವಳು. ಕೇಳಿದರು, ಹೂಂ ಅಂದಳು. ಅವಳ ಮೇಲೆ ಬೆಳಕು ಬೀಳಿಸುವ ಕೆಲಸ ನಿಮ್ಮಪ್ಪ ಕೇದಾರಿಯದು. ಬೆಳಕು ತೆಗೆದ ಮೇಲೂ ಅವನು ಅವಳನ್ನೇ ನೋಡುತ್ತಿದ್ದನಂತೆ. ವರ್ಷ ತುಂಬುವುದರೊಳಗೆ ಅವನ ಜೊತೆ ಹೋದಳು.

ಅವನ ಕುಲ ತಿಳಿದು ನಿನ್ನ ಅಜ್ಜ ಊಟ ಬಿಟ್ಟರು. ದಿನ ಬೆಳಗಾದರೆ ಬಸವಣ್ಣನ ಹೆಸರು ಹೇಳುವ ಮನೆ ನಮ್ಮದು; ಹೇಳುವುದಕ್ಕೆ ಖರ್ಚೇನು. ಶಿವವ್ವ ಪರ ಊರಲ್ಲಿ ಕಾಲರಾ ಬಂದು ಹೋದಳು ಎಂದು ಊರಿಗೆ ಹೇಳಿ ಜಂಗಮರಿಗೆ ಊಟ ಹಾಕಿಸಿದರು. ಆ ಊಟದ ಹೋಳಿಗೆಗೆ ಹೂರಣ ರುಬ್ಬಿದವಳು ನಾನು. ಬದುಕಿದ್ದ ಮಗಳ ಹೆಸರಿನಲ್ಲಿ ರುಬ್ಬಿದೆ, ಬೆಲ್ಲ ಸರಿ ಇದೆಯೋ ಎಂದು ರುಚಿಯನ್ನೂ ನೋಡಿದೆ.

ಐವತ್ತರ ಮಾನವಮಿ ಅಮಾವಾಸ್ಯೆ. ದುಂಡಪ್ಪನ ಮದುವೆ ನಿಶ್ಚಯವಾಗಿತ್ತು. ಹುಕ್ಕೇರಿಯ ಬೀಗರನ್ನು ಹಬ್ಬದ ಊಟಕ್ಕೆ ಕರೆದಿದ್ದೆವು. ಹಿರಿಯ ಮಗಳು ತೀರಿಹೋಗಿದ್ದಾಳೆ ಎಂದೇ ಅವರಿಗೂ ಹೇಳಿತ್ತು. ಆಗತಾನೇ ದೀಪ ಹಚ್ಚಿದ್ದೆ. ಹೊರಗೆ ಯಾರೋ, ಯವ್ವಾ, ಎಂದರು.

ದನಿ ಗುರುತಿಸಲಿಲ್ಲ ಎಂದರೆ ನನ್ನ ನಾಲಿಗೆ ಉದುರಲಿ. ನಿನ್ನ ಅಜ್ಜ ಕೂತಲ್ಲೇ ನನ್ನನ್ನು ನೋಡಿದರು. ಬೀಗತಿ ಮರೆವ್ವ, ಯಾರೋ ಕೂಗಾಕತ್ತಾರ ನೋಡ್ರಿ, ಅಂದಳು. ನಾನು ಹೇಳಿದೆ:

“ಇವತ್ತ ಅಮಾಸಿರಿ. ಮೂರ ಸಲ ಕೂಗಿದ್ರ ಮನಷ್ಯಾರು. ತಡೀರಿ.”

ಎರಡನೆಯ ಸಲ ಕೂಗಿದಳು, ಮೊದಲಿಗಿಂತ ಮೆಲ್ಲಗೆ. ನಾನು ಅಗಳಿಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಮೂರನೆಯದು ಬರಲಿಲ್ಲ. ಹಟಮಾರಿ, ನನ್ನ ಮಗಳಲ್ಲವೇ. ಆಮೇಲೆ ಕಿಂಡಿಯಿಂದ ನೋಡಿದೆ. ಹೆಗಲಿಗೆ ಒಂದು ಗಂಟು ಹಾಕಿಕೊಂಡು ಓಣಿಯ ಕೊನೆಗೆ ಹೋಗುತ್ತಿದ್ದಳು. ಹಿಂದೆ ಹೊರಳಿ ನೋಡಲಿಲ್ಲ.

ಚಳಿಗಾಲದಲ್ಲಿ ನಿಮ್ಮಪ್ಪನ ಕಾರ್ಡು ಬಂತು. ಜ್ವರದಲ್ಲಿ ಹೋದಳು ಎಂದು ಬರೆದಿದ್ದ. ಸತ್ತಾಕಿ ಎರಡನೇ ಸಲ ಸಾಯೂದಿಲ್ಲ ಎಂದು ಹೇಳಿ ನಿನ್ನ ಅಜ್ಜ ಅದನ್ನು ಒಲೆಗೆ ಹಾಕಿದರು. ನಾನು ಅದರ ಮೇಲೆ ರೊಟ್ಟಿ ಬೇಯಿಸಿದೆ.

ಅದಾಗಿ ಮೂರು ವರ್ಷಕ್ಕೆ ಮೂಡಲಗಿಗೆ ಟೆಂಟು ಬಂದಿತ್ತು. ತಂಗಿಯ ಮನೆಗೆ ಹೋದವಳು ಅವಳ ಒತ್ತಾಯಕ್ಕೆ ಸಂಜೆಯ ಆಟಕ್ಕೆ ಹೋದೆ. ಯಾವ ಪಿಚ್ಚರು ಎಂದೂ ಕೇಳಿರಲಿಲ್ಲ. ಅರ್ಧಕ್ಕಿಂತ ಮುಂದೆ ಒಡ್ಡು ಕಂಡಿತು. ಗೋಡೆಯ ಮೇಲೆ ಬಿಳಿ ಸೀರೆಯ ಬೆನ್ನು. ಎಡಗಾಲು ತುಸು ಹೊರಗೆ ಎಸೆದು ನಡೆಯುವ ಆ ನಡಿಗೆ. ಜನ ಉಸಿರು ಬಿಗಿಹಿಡಿದರು. ಆಮೇಲೆ ಅವಳು ಹೊರಳಿದಳು. ಪರದೆ ತುಂಬ ಶಿವವ್ವನ ಮುಖ. ಹೆಂಗಸರು ಕಣ್ಣು ಮುಚ್ಚಿಕೊಂಡರು, ಕೂಸುಗಳು ಅತ್ತವು. ನಾನು ಎದ್ದು ನಿಂತು ಅವಳ ಹೆಸರು ಹಿಡಿದು ಕೂಗಿದೆ. ಒಂದಲ್ಲ, ಎರಡಲ್ಲ, ಮೂರು ಸಲ ಕೂಗಿದೆ. ಅವಳು ಆಗಲೇ ಮುಂದಕ್ಕೆ ಹೋಗಿಬಿಟ್ಟಿದ್ದಳು. ಮುದುಕಿಗೆ ಮೈಮೇಲೆ ಬಂತು ಎಂದು ತಲೆಗೆ ನೀರು ಹೊಯ್ದರು.

ಅಂದಿನಿಂದ ಪ್ರತಿ ವರ್ಷ ಆ ಟೆಂಟು ಎಲ್ಲಿದ್ದರೆ ಅಲ್ಲಿಗೆ ಹೋಗುತ್ತೇನೆ, ಕಲ್ಲೋಳಿಗೂ ಹೋಗಿದ್ದೇನೆ. ಒಡ್ಡಿನ ಪಿಚ್ಚರು ಯಾವ ದಿನ ಹಾಕುತ್ತಾರೋ ಗೊತ್ತಿರುವುದಿಲ್ಲ, ಅದಕ್ಕೇ ಎಲ್ಲ ನೋಡಿದೆ. ನಿನಗೆ ಕಂದೀಲಿನದು, ಅತ್ತೆಯದು ಎಂದು ಇಷ್ಟು ಜಾಣತನದಿಂದ ಹೇಳಿದೆನಲ್ಲ, ಅದೆಲ್ಲ ಮಗಳನ್ನು ಹುಡುಕುವಾಗ ದಾರಿಯಲ್ಲಿ ಸಿಕ್ಕದ್ದು. ಅಜ್ಜ ತೀರಿಹೋಗಿ ಐದು ವರ್ಷವಾಯಿತು. ಮುದುಕಿಗೆ ಸಿನಿಮಾ ಹುಚ್ಚು ಎಂದೇ ತಿಳಿದು ಹೋದರು.

ಹುಕ್ಕೇರಿಯಲ್ಲಿ ನೀನು ಒಡ್ಡಿನ ಪಿಚ್ಚರು ನೋಡಿದರೆ ಬೆನ್ನು ಮಾತ್ರ ಕಾಣುತ್ತದೆ. ಹೊರಳುವಲ್ಲಿ ಒಂದು ಜಿಗಿತ ಇದೆ. ಜನ ರೀಲು ಹಳೆಯದು ಎಂದುಕೊಳ್ಳುತ್ತಾರೆ. ಹೋದ ವರ್ಷ ರೀಲು ಅಲ್ಲೇ ಹರಿಯಿತು. ನಾನು ಶೆಟ್ಟೆಪ್ಪನ ಕಾಲು ಹಿಡಿದೆ. ಹನ್ನೆರಡು ವರ್ಷದಿಂದ ನನ್ನನ್ನು ನೋಡಿದವನು, ಏನೂ ಕೇಳದೆ ಅಷ್ಟನ್ನು ಕತ್ತರಿಸಿ ಕೊಟ್ಟು ಉಳಿದದ್ದನ್ನು ಅಂಟಿಸಿದ. ಅದನ್ನು ಈ ಪಾಕೀಟಿನಲ್ಲಿ ಸುತ್ತಿ ಇಟ್ಟಿದ್ದೇನೆ, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಅಂಚು ಮಾತ್ರ ಹಿಡಿದು ಬಿಸಿಲಿಗೆ ಎತ್ತಿ ನೋಡು. ಪುಟ್ಟ ಪುಟ್ಟ ಮನೆಗಳು, ಮನೆಗೊಬ್ಬ ಶಿವವ್ವ. ನಿನ್ನ ಮೂಗು ಅವಳದ್ದೇ ಆಗಿದ್ದರೆ ನನಗೆ ತಿಳಿಸು. ಕೊನೆಯ ಮನೆಯಲ್ಲಿ ಅವಳು ರೆಪ್ಪೆ ಮುಚ್ಚಿದ್ದಾಳೆ. ಅದೊಂದನ್ನು ಕತ್ತರಿಸಿ ನಾನು ಇಟ್ಟುಕೊಂಡಿದ್ದೇನೆ. ಅವಳ ಮಣ್ಣಿಗೆ ನಾನು ಬಂದಿರಲಿಲ್ಲ. ಕಣ್ಣು ತೆರೆದವೆಲ್ಲ ನಿನಗೆ.

ಈ ಅಮಾವಾಸ್ಯೆಗೆ ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಬಂದರೆ ಹೊತ್ತು ಮುಳುಗಿದ ಮೇಲೆ ಬಂದರೂ ಸರಿ. ಬೇವಿನ ಟೊಂಗೆ ಸಿಗಿಸುವುದಿಲ್ಲ, ಅಗಳಿ ಹಾಕುವುದಿಲ್ಲ. ಒಂದೇ ಸಲ ಕೂಗು, ಸಾಕು.

ನಿನ್ನ ಅವ್ವನ ಅವ್ವ,
ಯಮನವ್ವ

ತಾಜಾಕಲಮು: ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೂರನೆಯ ಕೂಗು ಬರಲಿಲ್ಲ ಎಂದು ಬರೆದದ್ದು ಸುಳ್ಳು. ಅವತ್ತು ದೆವ್ವ ಎರಡೇ ಸಲ ಕೂಗಿತು ಎಂದು ಊರಿಗೆ ಹೇಳಿ ಹೇಳಿ ಕೈಗೂ ರೂಢಿಯಾಗಿದೆ. ನಿಮ್ಮಪ್ಪ ಆ ದಿನ ಕೊಲ್ಹಾಪುರದಲ್ಲಿದ್ದ, ಅವನಿಗೂ ಇದು ಗೊತ್ತಿಲ್ಲ. ಹೆಗಲ ಮೇಲೆ ಗಂಟು ಎಂದೆನಲ್ಲ, ಅದು ಗಂಟಲ್ಲ, ಸೀತವ್ವ, ನೀನು. ಮೂರು ತಿಂಗಳಾಗಿತ್ತೇನೋ ನಿನಗೆ. ನಿನ್ನ ಅವ್ವ ಎರಡು ಸಲ ಕೂಗಿ ಸುಮ್ಮನಾದಳು, ಆಮೇಲೆ ನೀನು ಅಳತೊಡಗಿದೆ. ಮರೆವ್ವ ಎದ್ದು ನಿಂತು, ಮೂರ ಆತಲ್ಲರಿ ಬೀಗತಿ, ಇನ್ನ ತಗೀರಿ ಬಾಗಲಾ, ಅಂದಳು. ಅಗಳಿಯ ಮೇಲಿನ ಕೈ ತೆಗೆಯದೆ ನಾನು ಹೇಳಿದೆ:

“ಬೆಕ್ಕ ಐತಿ, ಬಿಡ್ರಿ.”