ಬಿಡುವಿನ ದಂಡೆಯ ಮೀನು

ಬಿಲದ ತಿಂಗಳು, ಬಹುಳ ಪಂಚಮಿ. ನಿಮ್ಮ ಲೆಕ್ಕಕ್ಕೆ ಎರಡು ಸಾವಿರದ ನೂರ ಎಪ್ಪತ್ತೆಂಟನೆಯ ಇಸವಿ.

ಹಿಂದಿನ ಕಾಲದಲ್ಲಿರುವ ಹಿರಿಯರಿಗೆ ಹಿರೇಮಡುವಿನ ದ್ಯಾಮಕ್ಕ ಮಾಡುವ ನಮಸ್ಕಾರಗಳು.

ಈ ತಿಂಗಳ ಹೆಸರು ನಿಮ್ಮ ಪಂಚಾಂಗದಲ್ಲಿ ಇರಲಾರದು. ಮಳೆ ತಡವಾಗಿ ಬರತೊಡಗಿದ ಮೇಲೆ ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಮ್ಮ ಮುತ್ತಜ್ಜಿಯರು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಇದು. ಮುಂದೆಯೂ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಬೇಕು, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ದಿನವೂ ನಾಲ್ಕು ಸಾಲು ಬರೆಯುವ ಅಭ್ಯಾಸ ಇದೆ, ಆದರೆ ಈ ವರ್ಷ ಬಿಸಿಲು, ಗಾಳಿ, ನೀರಿನ ಮಟ್ಟ ಬಿಟ್ಟು ಬೇರೇನೂ ಬರೆದಿರಲಿಲ್ಲ. ಹಿಂದಕ್ಕೆ ಹೋಗುವ ಅಂಚೆ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿಮಗೇ ಹೇಳಬೇಕು, ಯಾಕೆಂದರೆ ಆ ಮೀನು ಹೊರಟದ್ದು ನಿಮ್ಮ ಮನೆಯಿಂದ.

ನಾವು ಅದನ್ನು ಗಾಜುಮೀನು ಎನ್ನುತ್ತೇವೆ. ನೀವು ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಅದರಲ್ಲಿ ಸಾಕುತ್ತಿದ್ದಿರಂತೆ, ಅದಕ್ಕೇ ಆ ಹೆಸರು. ಬಾಯಿಯಿಂದ ಗಾಜಿಗೆ ಕಚ್ಚಿಕೊಂಡು ಪಾಚಿ ನೆಕ್ಕುತ್ತದೆ, ತೊಟ್ಟಿ ಶುಚಿಯಾಗಿರುತ್ತದೆ ಎಂದು ತಂದಿರಿ. ಬೆರಳಷ್ಟಿದ್ದದ್ದು ಮೊಳದುದ್ದ ಬೆಳೆದಾಗ ಕೊಲ್ಲಲು ಮನಸ್ಸಾಗದೆ ಯಾರೋ ಕೆರೆಗೆ ಬಿಟ್ಟರು. ಕೆರೆ ಕೋಡಿ ಬಿದ್ದಿತು, ಮೀನು ಹೊಳೆಗೆ ಬಂದಿತು. ಮೈತುಂಬ ಗಟ್ಟಿ ಚಿಪ್ಪು, ಬೆನ್ನಿಗೆ ಮುಳ್ಳು. ಅದನ್ನು ನುಂಗುವ ಜೀವಿ ನಮ್ಮ ಹೊಳೆಯಲ್ಲಿ ಇರಲಿಲ್ಲ. ಬಲೆ ಹರಿಯಿತು, ಬಾಳೆಮೀನಿನ, ಕೊರಮೀನಿನ ಮರಿಗಳಿಗೆ ಜಾಗ ಉಳಿಯಲಿಲ್ಲ. ದಂಡೆಯ ಮಣ್ಣಿನಲ್ಲಿ ತೋಳುದ್ದದ ಬಿಲ ಕೊರೆದು ಅದರೊಳಗೆ ಮೊಟ್ಟೆ ಇಡಿಸಿಕೊಂಡು ಗಂಡುಮೀನು ಕಾವಲು ಕೂರುತ್ತದೆ. ಹೀಗೆ ಕೊರೆದು ಕೊರೆದು ದಂಡೆ ಒಳಗಿಂದೊಳಗೇ ಪೊಳ್ಳಾಯಿತು. ನಿಮ್ಮ ಕಾಲದವರು ಬಲೆಗೆ ಬಿದ್ದದ್ದನ್ನು ದಂಡೆಗೆ ಎಸೆದು ಹೋಗುತ್ತಿದ್ದರಂತೆ. ದೆವ್ವದ ಹಾಗಿದೆ, ಯಾರು ತಿನ್ನುತ್ತಾರೆ ಎನ್ನುತ್ತಿದ್ದರಂತೆ.

ತಿಂದವರು ನಮ್ಮ ಮುತ್ತಜ್ಜಿಯರು. ಬೇರೆ ಮೀನು ಉಳಿಯದ್ದಕ್ಕೆ ತಿಂದರು, ಆಮೇಲೆ ಹಟಕ್ಕೆ ತಿಂದರು. ಇದಕ್ಕೆ ಕತ್ತಿ ಹಾಕಿ ಪ್ರಯೋಜನವಿಲ್ಲ. ಇಡೀ ಮೀನನ್ನು ಕೆಂಡದ ಮೇಲೆ ಮಗುಚಿ ಹಾಕಿದರೆ ಚಿಪ್ಪೇ ಬಾಣಲೆಯಾಗುತ್ತದೆ. ಕಪ್ಪಾದ ಮೇಲೆ ಹೊಟ್ಟೆಯ ಕಡೆಯಿಂದ ಬಿರಿದರೆ ಬಿಳಿ ಮಾಂಸ ಒಂದೇ ತುಂಡಾಗಿ ಎದ್ದು ಬರುತ್ತದೆ. ಅದಕ್ಕೆ ಹುಣಸೆ, ಬೆಳ್ಳುಳ್ಳಿ, ಕೆಂಪುಮೆಣಸಿನ ಖಾರ ಹಚ್ಚಿ ಜೋಳದ ರೊಟ್ಟಿಯ ಮೇಲೆ ಹಾಕಿಕೊಳ್ಳುತ್ತೇವೆ. ಮೊಟ್ಟೆಯನ್ನು ಗುರೆಳ್ಳು ಪುಡಿಯಲ್ಲಿ ಹುರಿಯುತ್ತೇವೆ. ಉಳಿದ ಚಿಪ್ಪಿನಿಂದ ಪಾತ್ರೆ ಉಜ್ಜುತ್ತೇವೆ, ಬೂದಿಯನ್ನು ಬದನೆ ಗಿಡಕ್ಕೆ ಹಾಕುತ್ತೇವೆ. ಹೊಸದಾಗಿ ಬಂದ ಸೊಸೆ ಮೊದಲು ಕಲಿಯುವುದು ಈ ಮೀನನ್ನು ಕೈ ಕೊಯ್ದುಕೊಳ್ಳದೆ ಬಿರಿಯುವುದನ್ನು. ಇಷ್ಟೆಲ್ಲ ರುಚಿ ಹತ್ತಿದರೂ ಒಂದನ್ನೂ ಸಾಕಬಾರದು, ಜೀವಂತವಾಗಿ ಮನೆಗೆ ತರಬಾರದು ಎಂಬುದು ಕಟ್ಟಳೆ. ತಿನ್ನುವುದು ಮುಗಿಸುವುದಕ್ಕೆ.

ಬಿಲದ ತಿಂಗಳೆಂದರೆ ಕೈ ಹಾಕುವ ತಿಂಗಳು. ಹೊಳೆಯ ದಂಡೆಯನ್ನು ಮನೆಮನೆಗೆ ಹಂಚಿ ಕಲ್ಲು ನೆಟ್ಟಿದ್ದಾರೆ, ಅದನ್ನು ದಂಡೆಪಾಲು ಎನ್ನುತ್ತೇವೆ. ಮಳೆ ಬಂದು ಮರಿಗಳು ಹೊಳೆಗೆ ಹರಿಯುವ ಮೊದಲು ಪ್ರತಿ ಮನೆಯವರೂ ತಮ್ಮ ಪಾಲಿನ ಎಲ್ಲ ಬಿಲಗಳಿಗೂ ಕೈ ಹಾಕಿ ಕಾವಲು ಮೀನನ್ನೂ ಮೊಟ್ಟೆಯನ್ನೂ ತೆಗೆದು ಬಿಲಕ್ಕೆ ಜೇಡಿಮಣ್ಣು ತುಂಬಬೇಕು. ತೋಳಿಗೆ ಗೋಣಿ ಸುತ್ತಿಕೊಂಡಿರಬೇಕು. ಮೀನು ಮುಳ್ಳು ಬಿಚ್ಚಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ಎಳೆದರೆ ಬರುವುದಿಲ್ಲ. ಮೊದಲು ಒಳಕ್ಕೆ ತಳ್ಳಿ, ಹೊರಳಿಸಿ, ಆಮೇಲೆ ಎಳೆಯಬೇಕು. ಒಬ್ಬರ ಪಾಲಿನಲ್ಲಿ ಇನ್ನೊಬ್ಬರು ಕೈ ಹಾಕುವಂತಿಲ್ಲ. ಹಿಂದೆ ಇದರಿಂದ ತಲೆ ಒಡೆದುಕೊಂಡಿದ್ದರಂತೆ, ಅದಕ್ಕೆ ಆ ನಿಯಮ.

ಇನ್ನೊಂದು ನಿಯಮವಿದೆ. ಯಾರ ಮನೆಯವರನ್ನಾದರೂ ಹೊಳೆ ತೆಗೆದುಕೊಂಡರೆ ಆ ಮನೆಯವರು ವರ್ಷ ತುಂಬುವವರೆಗೆ ಮೀನು ಮುಟ್ಟುವುದಿಲ್ಲ, ನೀರಿಗೆ ಇಳಿಯುವುದಿಲ್ಲ. ಅದಕ್ಕೆ ಬಿಡುವು ಎನ್ನುತ್ತೇವೆ. ಹೋದವರು ಇರುವ ನೀರು ಅದು, ಅಲ್ಲಿಯ ಮೀನು ಹೇಗೆ ಗಂಟಲಿಗೆ ಇಳಿಯುತ್ತದೆ ಎಂಬ ಭಾವ. ಊರಿನವರು ಆ ದಂಡೆಯ ಕಡೆ ಗಟ್ಟಿಯಾಗಿ ಮಾತು ಕೂಡ ಆಡುವುದಿಲ್ಲ. ಇದನ್ನು ನಾನು ಚಿಕ್ಕಂದಿನಿಂದ ಒಳ್ಳೆಯ ರೀತಿ ಎಂದೇ ನಂಬಿದ್ದೆ.

ನಮ್ಮ ಮಗಳು ಹೊನ್ನೂರಿ ಕಳೆದ ಶ್ರಾವಣದಲ್ಲಿ ಹರಿಗೋಲು ಕಟ್ಟಲು ದಂಡೆಗೆ ಹೋಗಿದ್ದಳು. ನಿಂತ ನೆಲ ಅವಳನ್ನು ಹೊತ್ತುಕೊಂಡೇ ಕುಸಿಯಿತು. ಮಣ್ಣಿನ ಅಡಿಯಿಂದ ತೆಗೆಯುವಷ್ಟರಲ್ಲಿ ಮುಗಿದಿತ್ತು. ಆ ತುಂಡು ಪಕ್ಕದ ಮನೆಯ ಫಕೀರವ್ವನ ದಂಡೆಪಾಲು. ಅವಳ ಮೈದುನ ಅದರ ಹಿಂದಿನ ವರ್ಷ ಮುಳುಗಿ ಹೋಗಿದ್ದ. ಹಾಗಾಗಿ ಕಳೆದ ಬಿಲದ ತಿಂಗಳಲ್ಲಿ ಅಲ್ಲಿ ಬಿಡುವು ಇತ್ತು, ಒಂದು ಬಿಲವನ್ನೂ ಯಾರೂ ಮುಟ್ಟಿರಲಿಲ್ಲ.

ದಂಡೆ ಕುಸಿದು ಸತ್ತರೂ ಹೊಳೆ ತೆಗೆದುಕೊಂಡ ಲೆಕ್ಕವೇ, ಹಾಗಾಗಿ ಈಗ ಬಿಡುವು ನಮ್ಮದು. ಮಾಡಲು ಕೆಲಸವಿಲ್ಲದೆ ನಾನು ದಿನವೂ ನಮ್ಮ ಪಾಲಿನ ದಂಡೆಯ ಮೇಲೆ ಹೋಗಿ ಕೂತುಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ನೀರು ಇಳಿಯುತ್ತಿದ್ದ ಹಾಗೆ ಬಿಲಗಳು ಕಾಣತೊಡಗಿದವು. ಅತ್ತ ಇತ್ತ ಎಲ್ಲರ ಪಾಲಿನಲ್ಲಿ ಒಂದೋ ಎರಡೋ. ವರ್ಷವೆಲ್ಲ ಬಲೆ ಬೀಳದ, ಸದ್ದಿಲ್ಲದ ನಮ್ಮ ಪಾಲಿನಲ್ಲಿ ಜೇನುಹುಟ್ಟಿನ ಹಾಗೆ. ಊರೆಲ್ಲ ತಿಂದು ತಿಂದು ಮುಗಿಸುತ್ತ ಬಂದ ಮೀನು ಪ್ರತಿ ಸಲವೂ ಎಲ್ಲಿಂದ ಹಿಂತಿರುಗುತ್ತದೆ ಎಂದು ಹಿರಿಯರು ತಲೆ ಕೆಡಿಸಿಕೊಳ್ಳುತ್ತಿದ್ದರು. ಅದು ದುಃಖದ ಮನೆಗಳ ದಂಡೆಯಿಂದ ಹಿಂತಿರುಗುತ್ತಿತ್ತು. ನಮ್ಮ ಮರ್ಯಾದೆಯೇ ಅದಕ್ಕೆ ಬಾಣಂತಿ ಕೋಣೆ. ಹೊನ್ನೂರಿಯ ವರ್ಷ ತುಂಬುವುದು ಶ್ರಾವಣಕ್ಕೆ. ಮರಿಗಳು ಹೊಳೆಗೆ ಇಳಿಯುವುದು ಮೊದಲ ಮಳೆಗೆ. ಕಾದರೆ ನಮ್ಮ ದಂಡೆಯೂ ಯಾರದೋ ಮಗಳನ್ನು ಹೊತ್ತುಕೊಂಡು ಕುಸಿಯುತ್ತದೆ.

ದಂಡೆಯ ಹಿರಿಯ ಅಂಬಣ್ಣಜ್ಜನ ಬಳಿಗೆ ಹೋಗಿ ಬಿಲಕ್ಕೆ ಕೈ ಹಾಕುತ್ತೇನೆ ಎಂದೆ. ಅಜ್ಜ ಬೈಯಲಿಲ್ಲ, ಕೂರಿಸಿ ನೀರು ಕೊಟ್ಟರು.

"ಹೊನ್ನೂರಿ ಹೋದ ನೀರವ್ವ ಅದು," ಎಂದರು. "ಆ ಮೀನು ನಿನ್ನ ಗಂಟಲದಾಗ ಇಳೀತದೇನು?"

"ಇಳಸ್ತೀನಿ ಯಜ್ಜ. ಅದು ಮಣ್ಣು ಕೊರದು ನನ್ನ ಮಗಳನ್ನ ನುಂಗೇತಿ. ನಾನ್ಯಾಕ ಅದನ್ನ ನುಂಗಬಾರದು?"

"ವರ್ಷ ತುಂಬಲಿ ತಂಗಿ. ಮೊದಲಿಂದ ನಡಕೊಂಡ ಬಂದದ್ದು."

"ಹಂಗಾರ ಊರಾಗಿನ್ನೋರು ಯಾರರ ಇಳೀಲಿ. ನಾನು ದಂಡಿ ಮ್ಯಾಗ ಕೂಡ್ತೀನಿ."

"ಬಿಡುವಿನ ಪಾಲಿಗೆ ಮಂದಿ ಕೈ ಹಾಕಿದ್ರ ನಾಳೆ ಯಾರ ಪಾಲೂ ಉಳಿಯಂಗಿಲ್ಲ."

"ಮೀನು ಅಷ್ಟ ಉಳೀತಾವು ಬಿಡು ಯಜ್ಜ," ಎಂದು ಎದ್ದು ಬಂದೆ. ಹಿರಿಯರ ಎದುರು ನಾನು ಹಾಗೆ ಮಾತಾಡಿದವಳಲ್ಲ.

ಮನೆಯಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ನಮ್ಮ ಮನೆಯವರು ಯಂಕೋಬ, ಮೊದಲೇ ಮಾತು ಕಡಿಮೆ, ಮಗಳು ಹೋದ ಮೇಲೆ ಇನ್ನೂ ಕಡಿಮೆ. ಬಲೆ ನೇಯುವುದನ್ನು ಬಿಟ್ಟಿದ್ದರು. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬರೀ ರೊಟ್ಟಿ, ಖಾರದ ಬೇಳೆ ನೋಡಿ ಅದನ್ನೇ ಒಂದು ಪೂಜೆಯ ಹಾಗೆ ಉಣ್ಣುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಅಂದರು, "ಅಕಿ ಸಲುವಾಗಿ ನನಗ ಮಾಡಾಕ ಉಳದಿರೋದು ಇದೊಂದ. ಇದನ್ನೂ ಬಿಡಿಸಬ್ಯಾಡ."

ಮರುದಿನ ಬೆಳಿಗ್ಗೆ ಗೋಣಿ ಸುತ್ತಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಂಡೆಗೆ ಹೋದೆ. ಪೊಳ್ಳು ದಂಡೆಯಲ್ಲಿ ಹಗ್ಗವಿಲ್ಲದೆ ಇಳಿಯುವುದು ಸಾವನ್ನು ಕರೆದ ಹಾಗೆ. ತುದಿಯನ್ನು ಜಾಲಿಮರಕ್ಕೆ ಬಿಗಿಯುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಹಗ್ಗ ತೆಗೆದುಕೊಂಡಿತು.

"ಜಾಲಿ ಬೇರು ಸಡ್ಲ ಐತಿ," ಅಂದರು ನಮ್ಮ ಮನೆಯವರು. "ನಾ ಹಿಡೀತೀನಿ. ತಿನ್ನಂಗಿಲ್ಲ ಮತ್ತ."

"ತಿನ್ನಬ್ಯಾಡ್ರಿ," ಎಂದೆ.

ಊರು ದೂರದಲ್ಲಿ ನಿಂತು ನೋಡಿತು. ಮೊದಲ ಬಿಲದಲ್ಲಿ ಕೈಗೆ ಚಿಪ್ಪು ತಾಗಿತು. ಗಂಡುಮೀನು ಮೊಟ್ಟೆಗೆ ಮೈಯೊಡ್ಡಿ ಕೂತಿತ್ತು. ಅದೂ ತನ್ನದನ್ನು ಕಾಯುತ್ತಿತ್ತು, ಅದು ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಕ್ಕೆ ತಳ್ಳಿ, ಹೊರಳಿಸಿ, ಎಳೆದೆ. ಒಂದಾದ ಮೇಲೆ ಒಂದು, ಬುಟ್ಟಿ ತುಂಬಿತು. ತೋಳು ಮರಗಟ್ಟಿದಾಗ ದಂಡೆಗೆ ಒರಗಿ ಅತ್ತೆ, ಮತ್ತೆ ಕೈ ಹಾಕಿದೆ. ಮೇಲೆ ಹಗ್ಗ ಒಂದು ಸಲವೂ ಸಡಿಲವಾಗಲಿಲ್ಲ.

ಅಷ್ಟು ಮೀನನ್ನು ಇಬ್ಬರ ಮನೆಯಲ್ಲಿ ಮುಗಿಸಲಾಗದು, ಅದರಲ್ಲೂ ಒಬ್ಬರು ತಿನ್ನುವವರಲ್ಲ. ಬಾಗಿಲ ಮುಂದೆ ಬೀದಿಯಲ್ಲೇ ಒಲೆ ಹೂಡಿ ಸುಟ್ಟೆ. ವಾಸನೆ ಓಣಿಯ ಆ ತುದಿಗೆ ಹೋಯಿತು. ಯಾರೂ ಬರಲಿಲ್ಲ. ಬಿಡುವಿನ ಮನೆಯ ಮೀನು, ಹೇಗೆ ಬರುತ್ತಾರೆ. ನಾನು ರೊಟ್ಟಿಯ ಮೇಲೆ ಹಾಕಿಕೊಂಡು ಎಲ್ಲರಿಗೂ ಕಾಣುವ ಹಾಗೆ ಕೂತು ಮೊದಲ ತುತ್ತು ತಿಂದೆ. ಗಂಟಲಿಗೆ ಇಳಿಯಲಿಲ್ಲ. ನೀರು ಕುಡಿದು ಇಳಿಸಿದೆ.

ಆಗ ಫಕೀರವ್ವ ತನ್ನ ಮನೆಯ ತಟ್ಟೆ ಹಿಡಿದುಕೊಂಡು ಬಂದು ಎದುರಿಗೆ ಕೂತಳು. ಹೊನ್ನೂರಿ ಹೋದಂದಿನಿಂದ ನನ್ನ ಮುಖ ನೋಡಿ ಮಾತಾಡದವಳು. ತಾನೇ ಒಂದು ಮೀನು ಎಳೆದುಕೊಂಡು ಬಿರಿದು ಬಾಯಿಗಿಟ್ಟು ಮುಖ ಹಿಂಡಿದಳು.

"ಉಪ್ಪು ಹಾಕೀಯೋ, ಉಪ್ಪಿನ ಮೂಟಿ ಹಾಕೀಯೋ? ಹಿರ್ಯಾರ ಮ್ಯಾಲಿನ ಸಿಟ್ಟು ಮೀನಿನ ಮ್ಯಾಲ ತೀರಿಸ್ಕೊಂಡೇನ?"

"ಅತ್ತೀನಲ್ಲ, ಕಣ್ಣೀರು ಬಿದ್ದಿರಬೇಕು."

"ಇಷ್ಟೊಂದು ಅತ್ರ ಹೊಳಿ ಉಪ್ಪಾಗಿ ಮೀನು ತಾವ ಸಾಯ್ತಿದ್ವು, ನಾವು ತಿನ್ನೂದ ಬೇಕಿದ್ದಿಲ್ಲ," ಎಂದಳು. ಹೇಳಿದ ಮೇಲೆ ಅವಳ ಬಾಯಿ ಸೊಟ್ಟಗಾಯಿತು. ತಟ್ಟೆ ಕೆಳಗಿಟ್ಟು, "ಹೋದ ವರ್ಷ ನಾನೂ ಕೈ ಹಾಕಿದ್ರ..." ಎಂದಳು.

"ಉಣ್ಣು," ಎಂದೆ. ಅವಳು ಉಂಡಳು. ಬೇಡ ಎನ್ನುತ್ತಲೇ ಇನ್ನೂ ನಾಲ್ಕು ಮನೆಯ ಹೆಂಗಸರು ತಟ್ಟೆ ತಂದರು. ನಮ್ಮ ಮನೆಯವರು ತಿನ್ನಲಿಲ್ಲ. ಪಕ್ಕದಲ್ಲಿ ಕೂತು ಎಲ್ಲರಿಗೂ ಚಿಪ್ಪು ಬಿರಿದು ಕೊಡುತ್ತಿದ್ದರು. ಅಂಬಣ್ಣಜ್ಜ ಓಣಿಯಲ್ಲಿ ಹಾದು ಹೋದರು, ತಿರುಗಿ ನೋಡಲಿಲ್ಲ.

ಮಳೆ ಮುಗಿದ ಮೇಲೆ ಊರ ಹಿರಿಯರು ಪಂಚಾಯಿತಿ ಕೂರುತ್ತಾರಂತೆ. ಬಿಡುವು ಮುರಿದ ಮನೆಗೆ ದಂಡೆಪಾಲು ಇರಬಾರದು ಎಂಬ ಮಾತಿದೆ. ಕಿತ್ತುಕೊಂಡರೆ ನಮ್ಮ ಹೊಟ್ಟೆಪಾಡು ಹೋಗುತ್ತದೆ, ಅದು ಸಣ್ಣ ಮಾತಲ್ಲ. ಆದರೂ ನಾನು ತಪ್ಪೊಪ್ಪುವುದಿಲ್ಲ. ಯಾರಿಗೆ ಕೊಟ್ಟರೂ ಅವರು ಬಿಲಕ್ಕೆ ಕೈ ಹಾಕಿದರೆ ಸಾಕು. ಹಾಕದಿದ್ದರೆ ನಾನೇ ಮತ್ತೆ ಇಳಿಯುತ್ತೇನೆ, ಯಾರ ಪಾಲಾದರೂ ಸರಿ. ಇನ್ನು ಮುಂದೆ ಹಗ್ಗ ಹಿಡಿಯಲು ಫಕೀರವ್ವನೂ ಬರುತ್ತಾಳಂತೆ.

ಹಿರಿಯರೇ, ನಿಮ್ಮ ಗಾಜಿನ ತೊಟ್ಟಿಯಲ್ಲಿ ಈಗ ಅದು ಬೆರಳಷ್ಟಿರಬಹುದು. ಹೊಳೆಗೆ, ಕೆರೆಗೆ ಬಿಡಬೇಡಿ. ಅದನ್ನು ಕರುಣೆ ಎಂದು ಕರೆಯಬೇಡಿ. ಬಿಟ್ಟಾಗಿದ್ದರೆ ತಡಮಾಡದೆ ಒಲೆ ಹಚ್ಚಿ ತಿನ್ನಿ. ನಿಮ್ಮಲ್ಲೂ ಬೇಡ ಎನ್ನುವವರು ಇರುತ್ತಾರೆ. ನೋಡಲು ಅಸಹ್ಯ ಎನ್ನುತ್ತಾರೆ, ನಮ್ಮ ಜಾತಿಯವರು ತಿನ್ನುವುದಿಲ್ಲ ಎನ್ನುತ್ತಾರೆ, ಇದು ಮೀನು ತಿನ್ನುವ ತಿಂಗಳಲ್ಲ, ವಾರವಲ್ಲ ಎನ್ನುತ್ತಾರೆ. ಅವರಿಗೂ ಒಂದು ತಟ್ಟೆ ಹಾಕಿಡಿ. ಎಲ್ಲಿ ಕೈ ಹಾಕಲು ನಿಮಗೆ ಮನಸ್ಸಾಗುವುದಿಲ್ಲವೋ ಅಲ್ಲೇ ಅದು ಮರಿ ಮಾಡುತ್ತದೆ.

ಹೊನ್ನೂರಿಯ ವರ್ಷ ಇನ್ನೂ ತುಂಬಿಲ್ಲ. ಅಳುವುದು ನಿಂತಿಲ್ಲ, ನಿಲ್ಲಲೆಂದು ನಾನು ಕೇಳಿಕೊಂಡೂ ಇಲ್ಲ. ಅಳುತ್ತಲೇ ಕೈ ಹಾಕಬಹುದು, ಅಳುತ್ತಲೇ ನುಂಗಬಹುದು ಎಂದು ಮಾತ್ರ ತಿಳಿಯಿತು. ಇನ್ನೂ ಅರ್ಧ ದಂಡೆ ಉಳಿದಿದೆ, ಪಡುವಣದಲ್ಲಿ ಮೋಡ ಕಟ್ಟಿದೆ. ಹೊರಡುತ್ತೇನೆ.

ನಿಮ್ಮ ಮರಿಮಕ್ಕಳ ಮರಿಮಗಳು,
ದ್ಯಾಮಕ್ಕ, ಹಿರೇಮಡುವು