ಅಕ್ಕನಿಗೆ ಹೇಳದ ವಲೆನ್ಸಿಯಾ

ಮೇ ೧೭, ಶುಕ್ರವಾರ. ದೋಹಾ

ರಜೆ. ಎಸಿ ಸರ್ವಿಸ್‌ನವನು ಬಂದು ಹೋದ. ನಮ್ಮ ಬಿನ್ ಒಮ್ರಾನ್ ಏರಿಯಾದ ಅರ್ಧ ಧೂಳು ನಮ್ಮ ಹಾಲ್‌ನಲ್ಲಿ. ಒರೆಸಿದೆ. ಬಂಗುಡೆ ಮೀನು ತಂದೆ. ಊಟದ ಹೊತ್ತಿಗೆ ಮತ್ತೆ ಅದೇ ಮಾತು — ಜುಲೈ ಲೀವ್‌ನಲ್ಲಿ ಎಲ್ಲಿಗೆ?

ಇದೆಂಥ ಪ್ರಶ್ನೆ. ಹತ್ತೊಂಬತ್ತು ವರ್ಷದಿಂದ ಲೀವ್ ಅಂದರೆ ಪಡುಬಿದ್ರಿ, ಅಕ್ಕನ ಮನೆ. ಮೂವತ್ತು ದಿನ. ಅದರಲ್ಲಿ ಇಪ್ಪತ್ತು ದಿನ ಬ್ಯಾಂಕು, ಪಂಚಾಯತು, ಹಲ್ಲಿನ ಡಾಕ್ಟರು. ಗಲ್ಫ್‌ನವರಿರುವ ಮನೆಗಳಲ್ಲಿ ಎಲ್ಲ ಕೆಲಸವೂ ನಾವು ಬರುವವರೆಗೆ ಕಾದು ಕೂತಿರುತ್ತದೆ. ಗ್ಯಾಸ್ ಕನೆಕ್ಷನ್‌ನ ಹೆಸರು ಬದಲಿಸಲಿಕ್ಕೂ "ಅಣ್ಣು ಬರಲಿ". ಅಕ್ಕನಿಗೆ ನಾನು ಅಣ್ಣು. ಲೀಲಾಕ್ಷಿ ಅಕ್ಕ ಗಟ್ಟಿ ಹೆಂಗಸು. ಅಮ್ಮ ಹೋದ ಮೇಲೆ ಮದುವೆ ಬೇಡವೆಂದು ನನ್ನನ್ನು ಸಾಕಿದವಳು. ಅಂಗನವಾಡಿಯಲ್ಲಿ ಊರಿನ ಅರ್ಧ ಮಕ್ಕಳಿಗೆ ಮೂಗು ಒರೆಸಿದವಳು. ಆದರೂ ಆಸ್ಪತ್ರೆ, ಆಫೀಸುಗಳ ಮೆಟ್ಟಿಲು ಹತ್ತಬೇಕಾದರೆ ನಾನೇ ಬೇಕು.

ಮಗಳು ಗ್ರೀಷ್ಮಾ ತಟ್ಟೆಯಿಂದ ತಲೆ ಎತ್ತಲಿಲ್ಲ. "ಪಪ್ಪಾ, ಎಲ್ಲರೂ ಸಮ್ಮರ್‌ನಲ್ಲಿ ಟ್ರಿಪ್ ಹೋಗ್ತಾರೆ. ನಾವು ಮಾತ್ರ ಪಂಚಾಯತ್ ಆಫೀಸ್‌ಗೆ."

ನಗು ಬಂತು. ಆಮೇಲೆ ಬರಲಿಲ್ಲ.

ಮೇ ೨೫, ಶನಿವಾರ

ಟೆರೆನ್ಸ್ ಬಂದಿದ್ದ, ನಮ್ಮ ಆಫೀಸಿನವನು. ಹೋದ ವರ್ಷ ಸ್ಪೇನ್‌ಗೆ ಹೋಗಿ ಬಂದವನು. ಫೋನ್ ಹಿಡಿದು ವಲೆನ್ಸಿಯಾ ತೋರಿಸಿದ. ಬಾರ್ಸಿಲೋನಾ ಬೇಡ, ಬರೀ ನೂಕುನುಗ್ಗಲು. ವಲೆನ್ಸಿಯಾ ಅಂದರೆ ಸಮುದ್ರ, ಅನ್ನ, ಮೀನು, ನಮ್ಮವರಿಗೆ ಹೇಳಿ ಮಾಡಿಸಿದ್ದು ಎಂದ. ಗ್ರೀಷ್ಮಾ ಅವನ ಪಕ್ಕದಿಂದ ಏಳಲಿಲ್ಲ. ಮುಂದಿನ ವರ್ಷ ಅವಳಿಗೆ ಬೋರ್ಡ್ ಎಕ್ಸಾಮ್, ಅದಾದ ಮೇಲೆ ಹಾಸ್ಟೆಲ್. ನಮ್ಮ ಜೊತೆ ಎಲ್ಲಿಗಾದರೂ ಬರುವುದು ಈ ವರ್ಷ ಮಾತ್ರ.

ಹೆಂಡತಿ ಶರ್ಮಿಳಾ ಏನೂ ಕೇಳಲಿಲ್ಲ. ಮದುವೆಯಾದ ಮೇಲೆ ಅವಳು ಏನನ್ನೂ ಕೇಳಿದ್ದಿಲ್ಲ. ಪಾತ್ರೆ ತೊಳೆಯುತ್ತ ಹೇಳಿದಳು, ಹನಿಮೂನ್‌ನಲ್ಲೂ ಅಕ್ಕನ ರೇಷನ್ ಕಾರ್ಡ್ ಮಾಡಿಸಿದ್ದೇವೆ ಅಂತ. ಸುಳ್ಳಲ್ಲ.

ಆಯಿತು. ವಲೆನ್ಸಿಯಾ.

ಜೂನ್ ೭, ಶುಕ್ರವಾರ. ಸಂಜೆ ೭:೪೦

ಹೇಳಿಬಿಟ್ಟೆ.

ಪ್ರತಿ ಶುಕ್ರವಾರ ಊರಿನ ರಾತ್ರಿ ಒಂಬತ್ತೂವರೆಗೆ, ಇಲ್ಲಿಯ ಏಳಕ್ಕೆ, ಅಕ್ಕನ ವಿಡಿಯೋ ಕಾಲ್, ತಪ್ಪುವುದಿಲ್ಲ. ಲೀವ್ ಸ್ಯಾಂಕ್ಷನ್ ಆಗಲಿಲ್ಲ, ಪ್ರಾಜೆಕ್ಟ್ ಹ್ಯಾಂಡೋವರ್, ಮ್ಯಾನೇಜರ್ ಝಿಯಾದ್ 'ಮಾಫಿ', ರಜೆ ಇಲ್ಲ, ಅಂದುಬಿಟ್ಟ ಎಂದೆ. ಪಾಪದ ಝಿಯಾದ್ ಮೊನ್ನೆಯೇ ಸಹಿ ಹಾಕಿ ಕೊಟ್ಟಿದ್ದಾನೆ.

ನಿಜ ಹೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ. ಅದೇ ಕಷ್ಟ. 'ಹೋಗಿ ಬನ್ನಿ' ಅನ್ನುತ್ತಿದ್ದಳು, ನಾನು ಅವಳ ಮುಖ ನೋಡಬೇಕಿತ್ತು. ನಿನ್ನ ಬದಲು ಒಂದು ಊರನ್ನು ನೋಡಲಿಕ್ಕೆ ಹೋಗುತ್ತೇನೆ ಎಂದು ಹೇಗೆ ಹೇಳುವುದು?

ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸಿದಳು. ಆಮೇಲೆ, "ಅಡ್ಡಿ ಇಲ್ಲ. ಡಿಸೆಂಬರ್‌ಲಿ ಬರ್ತೀಯಲ್ಲ?"

ಖಂಡಿತ ಎಂದೆ.

"ಹಾಗಾದ್ರೆ ಡಿಸೆಂಬರ್‌ಲೇ ನೋಡುವ."

"ಎಂತ ನೋಡುದು?"

"ಎಂತ ಇಲ್ಲ ಮಾರಾಯ. ಸಣ್ಣ ಒಂದು ಕೆಲಸ."

ಮತ್ತೆ ಕೇಳಲಿಲ್ಲ. ಸುಲಭದಲ್ಲಿ ಮುಗಿಯಿತಲ್ಲ ಎಂದು ಸಮಾಧಾನವೇ ಆಯಿತು. ಬರೆದಿಡುತ್ತೇನೆ — ಸಮಾಧಾನವೇ ಆಯಿತು.

ಜೂನ್ ೩೦

ವೀಸಾ ಬಂತು. ಗ್ರೀಷ್ಮಾ ಸೋಫಾದ ಮೇಲೆ ಹತ್ತಿ ಕುಣಿದಳು. ಕೂರಿಸಿ ಹೇಳಿದೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಫೋಟೋವೂ ಅತ್ತೆಗೆ ಕಾಣಬಾರದು, ಊರಿನ ಪಕ್ಕದ ಮನೆ ಲಲಿತಮ್ಮನಿಗೂ. ಇಬ್ಬರ ನಂಬರನ್ನೂ ಹೈಡ್ ಮಾಡಿದಳು. ಯಾಕೆ ಅಂತ ಕೇಳಿದಳು. ಶರ್ಮಿಳಾ ನನ್ನ ಮುಖ ನೋಡಿದಳು. ನಾನು ಸೂಟ್‌ಕೇಸ್ ಇಳಿಸಲಿಕ್ಕೆ ಎದ್ದೆ.

ಜುಲೈ ೯, ವಲೆನ್ಸಿಯಾ

ಬಾರ್ಸಿಲೋನಾವರೆಗೆ ವಿಮಾನ, ಅಲ್ಲಿಂದ ರೈಲು. ಹೋಟೆಲ್ ಸಣ್ಣದು, ಚೊಕ್ಕ. ಕಾಲು ನೋಯುವಷ್ಟು ನಡೆದೆವು. ಜುಲೈಯಲ್ಲಿ ಹೊರಗೆ ನಡೆಯಬಹುದು ಎನ್ನುವುದೇ ಮರೆತುಹೋಗಿತ್ತು.

ಈ ಊರಿನ ನಡುವೆ ಒಂದು ನದಿ ಇತ್ತಂತೆ. ನೆರೆ ಬಂದು ಊರು ಮುಳುಗಿತು, ನದಿಯನ್ನೇ ಊರ ಹೊರಗೆ ತಿರುಗಿಸಿದರು. ನೀರು ಹರಿಯುತ್ತಿದ್ದಲ್ಲಿ ಈಗ ತೋಟ. ಸೇತುವೆಗಳು ಹಾಗೆಯೇ ಇವೆ, ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಹಳೆಯ ರೇಷ್ಮೆ ವ್ಯಾಪಾರಿಗಳ ಕಟ್ಟಡ ನೋಡಿದೆವು. ಕಂಬಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಮೇಲೆ ಹೋಗುತ್ತವೆ. ಶರ್ಮಿಳಾ ಕತ್ತು ನೋಯುವವರೆಗೆ ನೋಡಿದಳು.

ಖುಷಿಯಾಗಿದ್ದೇವೆ. ಮೂವರೂ.

ಜುಲೈ ೧೧

ಪಾಯೆಯ್ಯಾ, ಅಗಲ ಬಾಣಲೆಯಲ್ಲಿ ಬೇಯಿಸಿದ ಅನ್ನ. ಇಲ್ಲಿಯವರು ಅದನ್ನು ಮಧ್ಯಾಹ್ನ ಮಾತ್ರ ತಿನ್ನುವುದಂತೆ. ನಿಜವಾದದ್ದರಲ್ಲಿ ಮೀನಿಲ್ಲ — ಕೋಳಿ, ಮೊಲ, ಅಗಲದ ಬೀನ್ಸು, ಕೆಲವೊಮ್ಮೆ ಬಸವನಹುಳು. ಶರ್ಮಿಳಾ ಹುಳುಗಳನ್ನು ಒಂದೊಂದಾಗಿ ನನ್ನ ತಟ್ಟೆಗೆ ದಾಟಿಸಿದಳು. ತಳ ಹಿಡಿದ ಅನ್ನಕ್ಕೆ ಇಲ್ಲಿ ಜಗಳವಂತೆ. ನಾನೂ ಗ್ರೀಷ್ಮಾಳೂ ಕೆರೆದು ತಿಂದೆವು.

ರಾತ್ರಿಗೆ ಸಣ್ಣ ಚಿಪ್ಪುಮೀನುಗಳು. ಬರೀ ಎಣ್ಣೆ, ಬೆಳ್ಳುಳ್ಳಿ. ಬಾಯಿಗಿಟ್ಟರೆ ನಮ್ಮ ಮರುವಾಯಿಯೇ, ತೆಂಗಿನಕಾಯಿ ಮಾತ್ರ ಇಲ್ಲ. ಅಕ್ಕ ಇದ್ದಿದ್ದರೆ ಅಡಿಗೆಯವನನ್ನು ಕರೆಸಿ ಪಾಠ ಮಾಡುತ್ತಿದ್ದಳು. ಹಾಗೆಂದು ಬಾಯಿಗೆ ಬಂತು, ಹೇಳಲಿಲ್ಲ. ಶರ್ಮಿಳಾಳೂ ಅದನ್ನೇ ಯೋಚಿಸುತ್ತಿದ್ದಳು ಅಂತ ಕಾಣುತ್ತದೆ. ಇಬ್ಬರೂ ಚಿಪ್ಪು ನೋಡುತ್ತ ಕೂತೆವು.

ಜುಲೈ ೧೨, ಶುಕ್ರವಾರ

ಅಕ್ಕನ ಕಾಲ್. ಇಲ್ಲಿ ಆರು ಗಂಟೆ, ಹೊರಗೆ ರಣಬಿಸಿಲು. ದೋಹಾದಲ್ಲಿ ಕತ್ತಲಾಗಿರಬೇಕು. ಪರದೆ ಎಳೆದೆ. ಹೆಂಡತಿ, ಮಗಳನ್ನು ಕೆಳಗೆ ಕಳಿಸಿದೆ. ಆಫೀಸಿನ ಅಂಗಿ ಹಾಕಿ ಬಿಳಿ ಗೋಡೆಗೆ ಒರಗಿ ಕೂತೆ. ನಲವತ್ತೊಂಬತ್ತು ವರ್ಷದ ಗಂಡಸು.

"ಎಂತ, ಇನ್ನೂ ಬೆಳಕು ಉಂಟಲ್ಲ ನಿನ್ನಲ್ಲಿ?"

ಹೊಸ ಟ್ಯೂಬ್‌ಲೈಟ್ ಎಂದೆ.

ಸೊರಗಿದ್ದಾಳೆ. ಕೇಳಿದೆ. ಮಳೆಯ ಆಟಿ ತಿಂಗಳು ಬರುತ್ತಿದೆಯಲ್ಲ, ಬಾಯಿಗೆ ರುಚಿ ಇಲ್ಲ ಎಂದಳು. ಝಿಯಾದ್‌ಗೆ ಒಳ್ಳೆ ಬುದ್ಧಿ ಕೊಡು ಅಂತ ಹರಕೆ ಹೇಳಿದ್ದಾಳಂತೆ.

ಜುಲೈ ೧೯, ದೋಹಾ

ಬಂದು ಮೂರು ದಿನ. ಹಾಲು, ಸಾಂಬಾರು, ಒಗೆಯುವ ಬಟ್ಟೆ. ನಾಳೆಯಿಂದ ಡ್ಯೂಟಿ. ಕಾಲ್‌ನಲ್ಲಿ ಅಕ್ಕ ಹೆಚ್ಚು ಮಾತಾಡಲಿಲ್ಲ. ಆಫೀಸ್ ಹೇಗೆ ನಡೆಯುತ್ತಿದೆ ಎಂದು ಕೇಳಿದಳು. ಭಾರಿ ಕೆಲಸ ಎಂದೆ.

ಆಗಸ್ಟ್ ೨೩, ಶುಕ್ರವಾರ

ಅಕ್ಕನ ಕಾಲ್ ಬರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಕರೆಂಟ್ ಹೋಗಿರಬೇಕು.

ಆಗಸ್ಟ್ ೨೬, ಸೋಮವಾರ

ಲಲಿತಮ್ಮ ಫೋನ್ ಮಾಡಿದರು. ಅಕ್ಕನಿಗೆ ಉಸಿರು ಸಿಕ್ಕುತ್ತಿಲ್ಲ, ಮಂಗಳೂರಿನಲ್ಲಿ ಅಡ್ಮಿಟ್. ಎದೆಯಲ್ಲಿ ಗಂಟು. ಈಗ ಶ್ವಾಸಕೋಶದಲ್ಲಿ ನೀರು.

ಯಾವಾಗಿನಿಂದ ಎಂದು ಕೇಳಿದೆ. ಫೆಬ್ರವರಿಯಿಂದ.

"ನಾನು ಎಷ್ಟು ಸಲ ಹೇಳಿದ್ದೇನೆ, ಒಟ್ಟಿಗೆ ಬರ್ತೇನೆ, ಡಾಕ್ಟ್ರಿಗೆ ತೋರಿಸುವ ಅಂತ. ಅಣ್ಣು ಜುಲೈಯಲ್ಲಿ ಬರ್ತಾನೆ, ಅವನ ಜೊತೆ ಹೋಗುದು ಅಂದ್ಲು. ಆಮೇಲೆ ಡಿಸೆಂಬರ್ ಅಂದ್ಲು."

ಸಣ್ಣ ಒಂದು ಕೆಲಸ.

ಆಗಸ್ಟ್ ೨೭

ಎಮರ್ಜೆನ್ಸಿ ಲೀವ್ ಕೇಳಿದೆ. ಝಿಯಾದ್ ಪೇಪರ್ ಓದಲೂ ಇಲ್ಲ, ಸಹಿ ಹಾಕಿದ. ಯಲ್ಲಾ, ಹೊರಡು, ಎಷ್ಟು ದಿನ ಬೇಕೋ ಇರು ಎಂದ. ಎರಡು ನಿಮಿಷ. ಅವನ ಮುಖ ನೋಡಲಿಕ್ಕೆ ಆಗಲಿಲ್ಲ.

ಆಸ್ಪತ್ರೆಯಿಂದ ಲಲಿತಮ್ಮ ಅಕ್ಕನಿಗೆ ಫೋನ್ ಕೊಟ್ಟರು. ಆಕ್ಸಿಜನ್ ಮಾಸ್ಕ್‌ನ ಒಳಗಿಂದ ದನಿ. "ಲೀವ್ ಕೊಟ್ರಾ? ಕೆಲಸಕ್ಕೆ ತೊಂದ್ರೆ ಆಗುದಿಲ್ವಾ ನಿಂಗೆ?"

ವಿಮಾನ ಸಂಜೆಗೆ. ಎದುರಿಗೆ ಕೂತು ಹೇಳುತ್ತೇನೆ. ಎಲ್ಲ ಹೇಳುತ್ತೇನೆ.

ಅಕ್ಟೋಬರ್ ೧೮, ಶುಕ್ರವಾರ. ದೋಹಾ

ನಿನ್ನೆ ಬಂದೆ. ಶರ್ಮಿಳಾ ಗಂಜಿ ಮಾಡಿದಳು. ಗ್ರೀಷ್ಮಾ ನನ್ನ ಹತ್ತಿರ ಬರುತ್ತಿಲ್ಲ, ತಪ್ಪು ಅವಳದು ಅಂದುಕೊಂಡಿದ್ದಾಳೆ. ನಿನ್ನದಲ್ಲ ಮಗಾ ಎಂದೆ. ಮತ್ತೂ ಅತ್ತಳು.

ಅಕ್ಕ ಸೆಪ್ಟೆಂಬರ್ ೨೯, ಬೆಳಿಗ್ಗೆ ಹೋದಳು. ಮೂವತ್ತೆರಡು ದಿನ ಪಕ್ಕದಲ್ಲಿದ್ದೆ. ಜುಲೈಯಲ್ಲಿ ಬಂದಿದ್ದರೆ ಉಳಿಯುತ್ತಿದ್ದಳಾ ಎಂದು ಡಾಕ್ಟರನ್ನು ಎರಡು ಸಲ ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಎಂದರು. ಎರಡು ಸಲವೂ ಕಿಟಕಿ ನೋಡಿಕೊಂಡು.

ಹೇಳಲಿಲ್ಲ ಅವಳಿಗೆ. ಮೊದಲು, ಸ್ವಲ್ಪ ಚೇತರಿಸಲಿ ಎಂದು. ಆಮೇಲೆ, ಈಗ ಯಾಕೆ ನೋಯಿಸುವುದು ಎಂದು. ಹೆದರಿದ್ದೆ, ಅಷ್ಟೇ.

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಸಿ, ಮರುದಿನ ಅಂಗಳದಲ್ಲಿ ಕೂತಿದ್ದಾಗ ಲಲಿತಮ್ಮ ಹೇಳಿದರು. ಅವರ ಸೊಸೆ ಇನ್‌ಸ್ಟಾಗ್ರಾಮ್‌ನಲ್ಲಿ ಗ್ರೀಷ್ಮಾಳ ಫೋಟೋ ನೋಡಿ, ಪಾಪ, ಖುಷಿಯಿಂದ ಓಡಿಹೋಗಿ ಅಕ್ಕನಿಗೆ ತೋರಿಸಿದ್ದಳಂತೆ. ನಾವು ಮೂವರು ನೀರಿನಲ್ಲಿ ನಿಂತದ್ದು. ಜುಲೈ ೧೪ಕ್ಕೇ. ವಾಟ್ಸಾಪ್ ಮುಚ್ಚಿದರೆ ಲೋಕವೇ ಮುಚ್ಚಿತು ಅಂದುಕೊಂಡಿದ್ದೆ ನಾನು.

ಅಕ್ಕ ಎರಡು ಬೆರಳಲ್ಲಿ ನನ್ನ ಮುಖ ದೊಡ್ಡದು ಮಾಡಿ ನೋಡಿದಳಂತೆ. ತುಂಬ ಹೊತ್ತು. "ಅಣ್ಣು ನಗಾಡುದು ನೋಡಿ ಲಲಿತಮ್ಮ. ಇಲ್ಲಿಗೆ ಬಂದ್ರೆ ಅವನಿಗೆ ನಗಾಡ್ಲಿಕ್ಕೆ ಪುರುಸೊತ್ತು ಎಲ್ಲಿ." ಆಮೇಲೆ, "ನಾನು ನೋಡಿದ್ದು ಅಂತ ಹೇಳ್ಬೇಡಿ. ಅವನೇ ಹೇಳ್ತಾನೆ."

ಈಗ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಮೂರು ಸಲ ಕೇಳಿದ್ದಳು. ಈ ಬೇಸಿಗೆಗೆ ಹೆಂಡತಿ, ಮಗಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲವಾ ಎಂದು. ವಿಡಿಯೋ ಕಾಲ್‌ನಲ್ಲಿ ಗ್ರೀಷ್ಮಾ ಯಾಕೆ ಅಷ್ಟು ಕಪ್ಪಾಗಿ ಕಾಣುತ್ತಾಳೆ ಎಂದು. ಮೂರನೆಯ ಸಲ ಸರಿಯಾಗಿ ದನಿಯೂ ಬರುತ್ತಿರಲಿಲ್ಲ. "ಅಣ್ಣು, ಬೇರೆ ದೇಶದ ಸಮುದ್ರ ಹೇಗುಂಟು? ನಮ್ಮದೇ ಹಾಗಾ?"

"ನಂಗೆ ಎಂತ ಗೊತ್ತು ಅಕ್ಕ" ಎಂದೆ.

ಕಣ್ಣು ಮುಚ್ಚಿಕೊಂಡಳು. ಔಷಧಿಯ ನಿದ್ದೆ ಅಂದುಕೊಂಡೆ.

ಈಗ ಒಂಬತ್ತೂವರೆ ಆಗಿರಬೇಕು ಊರಿನಲ್ಲಿ.

ನಮ್ಮದರ ಹಾಗಲ್ಲ ಅಕ್ಕ. ಅಲೆಯೇ ಇಲ್ಲ, ಕೆರೆಯಂತೆ ಬಿದ್ದಿರುತ್ತದೆ. ಗ್ರೀಷ್ಮಾ ನನ್ನ ಕೈ ಹಿಡಿದು ಒಳಗೆ ಎಳೆದಳು, ನನಗೆ ಪ್ಯಾಂಟು ಒದ್ದೆಯಾಗುವ ಚಿಂತೆ. ಅದಕ್ಕೇ ನಗಾಡಿದ್ದು. ಮತ್ತೆ ಅಲ್ಲಿ ಸೂರ್ಯ ನಮ್ಮಲ್ಲಿಯ ಹಾಗೆ ಸಮುದ್ರಕ್ಕೆ ಮುಳುಗುವುದಿಲ್ಲ, ಸಮುದ್ರದಿಂದ ಏಳುತ್ತಾನೆ. ಬೇಗ ಎದ್ದು ಹೋಗಬೇಕು. ಒಂದು ದಿನ ನಾನೊಬ್ಬನೇ ಹೋಗಿದ್ದೆ. ಮರಳು ತಣ್ಣಗಿತ್ತು. ನೀರಿನ ಅಂಚಿನಲ್ಲಿ ಒಬ್ಬಳು ಹೆಂಗಸು, ನಿನ್ನ ಪ್ರಾಯದವಳು, ಬಗ್ಗಿ ಚಿಪ್ಪು ಹೆಕ್ಕುತ್ತಿದ್ದಳು, ನನ್ನನ್ನು ನೋಡಿ ನಕ್ಕಳು. ಆಗಲೇ ನಿನಗೆ ಫೋನ್ ಮಾಡಬೇಕಿತ್ತು ಅಕ್ಕ.