ನೆಲಕ್ಕೆ ಎರಡು ಏಟು

ದಾವಣಗೆರೆ,
ಫೆಬ್ರವರಿ ೩೦, ೨೨೧೯

ನೀಲಿ ಚೂಡಿದಾರದ ತಾಯಿಯವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ಇಷ್ಟು ದೂರ ಬರುತ್ತಿರಲಿಲ್ಲವೆಂದು ಓದಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ರಜೆಯಲ್ಲಿ ಕಳೆದುಹೋಗುತ್ತವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಬರಹಗಳನ್ನು ಓದಿ ಅದರಂತೆ ಬರೆಯಲು ಹೆಣಗಿದ್ದೇನೆ. ಈ ಪತ್ರವನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ. ಅದರಲ್ಲಿ ಪತ್ರ ಹಿಂದಿನ ಕಾಲಕ್ಕೆ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಬಂದರೂ ನಿಮ್ಮ ಮಾತನ್ನು ನಂಬುವ ಸ್ಥಿತಿಯಲ್ಲಿ ನಾನಿಲ್ಲ. ನೀವು ನನಗೆ ಮೋಸ ಮಾಡಿದಿರಿ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ನೀಲಾಂಬಿಕೆ. ಮಗಳು ಹೊನ್ನಿಗೆ ಏಳು ವರ್ಷ. ನಮ್ಮ ಶಾಲೆಗಳಲ್ಲಿ ಏಳು ತುಂಬಿದ ಮಗುವಿಗೆ ಜೊತೆಕಲಿಕೆ ಎಂಬುದೊಂದು ಪಾಠವಿದೆ. ಮಗುವಿಗೂ ಗೊತ್ತಿಲ್ಲದ, ಹೆತ್ತವರಿಗೂ ಗೊತ್ತಿಲ್ಲದ ಒಂದು ವಿದ್ಯೆಯನ್ನು ಇಬ್ಬರೂ ಸೇರಿ ಕಲಿಯಬೇಕು. ಶುರುವಿಗೆ ಮೊದಲು ಕೈಯಲ್ಲಿ ಕೈಯಿಟ್ಟು, "ನನಗೆ ತಿಳಿದದ್ದು ನಿನಗೆ, ನಿನಗೆ ತಿಳಿದದ್ದು ನನಗೆ" ಎಂದು ಭಾಷೆ ಕೊಡಬೇಕು. ಪಕ್ಕದ ಮನೆಯವರು ಶಾವಿಗೆ ಹೊಸೆಯುವುದನ್ನು ಆರಿಸಿಕೊಂಡರು, ಜಾಣರು. ಹೊನ್ನಿ ಮಾತ್ರ ನಿಮ್ಮನ್ನು ಆರಿಸಿಕೊಂಡಳು.

ನಮ್ಮೂರಿನ ಉಳಿಕೆಮನೆಯಲ್ಲಿ ನಿಮ್ಮ ಕಾಲದ ಅಳಿದುಳಿದ ವಸ್ತುಗಳನ್ನು ಇಟ್ಟಿದ್ದಾರೆ. ಅಲ್ಲಿ ಎರಡು ಗಾಲಿಹಲಗೆಗಳಿವೆ, ನೀವು ಸ್ಕೇಟ್‌ಬೋರ್ಡ್ ಎನ್ನುತ್ತಿದ್ದಿರಲ್ಲ, ಅವೇ. ಪಾಠಕ್ಕೆಂದು ಅವನ್ನು ಎರವಲು ಕೊಟ್ಟರು, ಜೊತೆಗೆ ಐವತ್ತೆಂಟು ಸೆಕೆಂಡಿನ ನಿಮ್ಮ ವಿಡಿಯೋವನ್ನೂ. "ನಾನೂ ಮಗಳೂ ಒಟ್ಟಿಗೆ ಕಲಿತೆವು, ಹತ್ತೇ ದಿನದಲ್ಲಿ!" ಎಂದು ಅದರ ಮೇಲೆ ಬರೆದಿದ್ದೀರಿ. ಹಿನ್ನೆಲೆಗೆ ವಾದ್ಯ ಬೇರೆ. ಹಳದಿ ಹೆಲ್ಮೆಟ್ಟಿನ ನಿಮ್ಮ ಮಗಳು ಹಲಗೆ ಹತ್ತುತ್ತಾಳೆ, ನೀವು ಹತ್ತುತ್ತೀರಿ, ಇಬ್ಬರೂ ನಗುನಗುತ್ತಾ ಜಾರಿಹೋಗುತ್ತೀರಿ. ನಡುವೆ ಒಂದು ಕಡೆ ನಿಮ್ಮ ಮಗಳು ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ನೆಲಕ್ಕೆ ಪಟಪಟನೆ ಎರಡು ಏಟು ಹಾಕುತ್ತಾಳೆ. ಮರುಕ್ಷಣವೇ ನೀವು ಹಲಗೆಯ ಮೇಲೆ ನೆಟ್ಟಗೆ ನಿಂತು ಸಾಗುತ್ತಿರುತ್ತೀರಿ.

ಆ ಎರಡು ಏಟು ಈ ವಿದ್ಯೆಯ ಪೂಜೆಯೆಂದೇ ನಾನು ತಿಳಿದೆ. ಪೈಲ್ವಾನರು ಗರಡಿಯ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ. ಹೊನ್ನಿಗೂ ಅದನ್ನೇ ಹೇಳಿಕೊಟ್ಟೆ. ದಿನವೂ ಹಲಗೆ ಹತ್ತುವ ಮೊದಲು ಇಬ್ಬರೂ ಭಕ್ತಿಯಿಂದ ನೆಲಕ್ಕೆ ಎರಡು ಬಾರಿ ಹೊಡೆಯುತ್ತಿದ್ದೆವು.

ಇಲ್ಲಿ ನಮ್ಮ ನೆಲದ ವಿಷಯ ಹೇಳಬೇಕು. ನೂರು ವರ್ಷದಿಂದ ನಮ್ಮಲ್ಲಿ ಎಲ್ಲಿ ಕಾಲಿಟ್ಟರೂ ಮೆತ್ತೆನೆಲ. ಮನೆ, ಬೀದಿ, ಸಂತೆ, ಶಾಲೆ ಎಲ್ಲ ಕಡೆ ನಾದಿದ ಹಿಟ್ಟಿನ ಹಾಗೆ ತುಸು ತಗ್ಗಿ ಮತ್ತೆ ಮೇಲೇಳುವ ನೆಲ. ಮಗು ಬಿದ್ದರೆ ನಗುತ್ತದೆ. ಮುದುಕರು ಬಿದ್ದರೆ ಅಲ್ಲೇ ಒಂದು ನಿದ್ದೆ ತೆಗೆದು ಏಳುವುದೂ ಉಂಟು. ಬೀಳುವುದು ನಮಗೆ ಸೀನಿದಷ್ಟೇ ಸಣ್ಣ ಸಂಗತಿ. ಆದರೆ ಆ ನೆಲದ ಮೇಲೆ ಗಾಲಿ ಉರುಳುವುದಿಲ್ಲ. ಗಟ್ಟಿ ನೆಲ ಉಳಿದಿರುವುದು ಊರ ಹೊರಗಿನ ಹಳೆಯ ಮೇಲ್ಸೇತುವೆಯಲ್ಲಿ ಮಾತ್ರ. ಅದರ ಮೇಲೆ ನಿಮ್ಮ ಲಾರಿಗಳು ಓಡುತ್ತಿದ್ದವಂತೆ. ಈಗ ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗುತ್ತವೆ. ಒಂದು ಬದಿಯನ್ನು ನಮಗೆ ಬಿಟ್ಟುಕೊಟ್ಟರು.

ಮೊದಲ ವಾರ ನಾನೊಂದು ತಪ್ಪು ಮಾಡಿದೆ. ಮಗಳ ಮುಂದೆ ಪೆದ್ದಿಯಾಗಬಾರದೆಂದು ಬೆಳಗ್ಗೆ ಅವಳು ಏಳುವ ಮೊದಲೇ ಒಬ್ಬಳೇ ಸೇತುವೆಗೆ ಹೋಗಿ ಅಭ್ಯಾಸ ಮಾಡಿದೆ. ಹತ್ತಿದ ತಕ್ಷಣ ಹಲಗೆ ಮುಂದೆ ಹೋಯಿತು, ನಾನು ಹಿಂದೆ ಬಿದ್ದೆ. ನಲವತ್ತೊಂದು ವರ್ಷದ ಬದುಕಿನಲ್ಲಿ ಮೊದಲ ಬಾರಿ ನೆಲ ನನ್ನನ್ನು ತಿರುಗಿ ಹೊಡೆಯಿತು. ಉಸಿರೇ ಬರಲಿಲ್ಲ. ಐದು ದಿನದಲ್ಲಿ ಹನ್ನೊಂದು ಸಲ ಬಿದ್ದೆ. ಸೊಂಟ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಪ್ರತಿ ದಿನ ಮನೆಗೆ ಬಂದು ನಿಮ್ಮ ವಿಡಿಯೋ ನೋಡುತ್ತಿದ್ದೆ. ನೀವು ಒಮ್ಮೆಯೂ ಬಿದ್ದಿರಲಿಲ್ಲ! ಹಾಗಾದರೆ ದೋಷ ನನ್ನದೇ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಂತಾಗಬಾರದೆಂದು ಬಾಯಿ ಮುಚ್ಚಿಕೊಂಡೆ, ಬಾವು ಕಾಣದಂತೆ ಸೀರೆ ಎತ್ತರಕ್ಕೆ ಕಟ್ಟಿದೆ. "ಬಿದ್ರೆ ಏನಾಗುತ್ತಮ್ಮ?" ಎಂದು ಹೊನ್ನಿ ಕೇಳಿದಾಗ, "ಯಾರೂ ಬೀಳಲ್ಲ ಕಣೆ, ನೋಡಿಲ್ವಾ ಆ ಆಂಟಿನ?" ಎಂದೆ.

ಎಂಟನೆಯ ದಿನ ಹೊನ್ನಿ ಬಿದ್ದಳು. ಮೆತ್ತೆನೆಲದ ಮಗು, ಕೈ ಹೇಗೆ ಊರಬೇಕೆಂದೂ ಗೊತ್ತಿರಲಿಲ್ಲ. ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮುರಿದ ಮೂಳೆಯನ್ನು ಕಂಡವರೇ ಇಲ್ಲ. ಇದ್ದಬದ್ದ ಡಾಕ್ಟರುಗಳೆಲ್ಲ ಮದುಮಗಳನ್ನು ನೋಡಲು ಬಂದಂತೆ ಸಾಲಾಗಿ ಬಂದು ನೋಡಿದರು. ಹೊನ್ನಿ ಅಳಲಿಲ್ಲ. ಅವಳು ನೋಡುತ್ತಿದ್ದುದು ನನ್ನ ಸೊಂಟವನ್ನು. ಅವಳನ್ನು ಎತ್ತಿಕೊಂಡು ಓಡುವಾಗ ಸೆರಗು ಸರಿದಿತ್ತು.

"ನಿಂಗೆ ಗೊತ್ತಿತ್ತು," ಎಂದಳು. ಅಷ್ಟೇ.

ಅಂದಿನಿಂದ ಅವಳು ನನ್ನನ್ನು ನಂಬುವುದಿಲ್ಲ. ಹಾಲು ಬಿಸಿಯಿಲ್ಲ ಎಂದರೆ ಬೆರಳು ಅದ್ದಿ ನೋಡುತ್ತಾಳೆ. ನಾಳೆ ರಜೆ ಎಂದರೆ ಪಕ್ಕದ ಮನೆಗೆ ಹೋಗಿ ಕೇಳಿ ಬರುತ್ತಾಳೆ. ತಲೆ ಬಾಚಲು ಮಾತ್ರ ನನ್ನ ಮುಂದೆ ಕೂರುತ್ತಾಳೆ, ಅದೂ ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಬಾರದ ಕಾರಣಕ್ಕೆ.

ಹಲಗೆಗಳನ್ನು ವಾಪಸು ಕೊಡುವ ಮೊದಲು ಒಮ್ಮೆ ಸೇತುವೆಗೆ ಹೋದೆ. ಹೊನ್ನಿ ದೂರದಲ್ಲಿ ಕೂತಿದ್ದಳು. ರೂಢಿಯಂತೆ ಬಗ್ಗಿ ನೆಲಕ್ಕೆ ಎರಡು ಏಟು ಹಾಕಿದೆ. ಅಲ್ಲಿ ಮೆಣಸಿನಕಾಯಿ ತಿರುವಿಹಾಕುತ್ತಿದ್ದ ಕೊಟ್ರಮ್ಮಜ್ಜಿ ಗಾಬರಿಯಿಂದ ಎದ್ದು ನಿಂತಳು. ನೂರ ನಾಲ್ಕು ವರ್ಷದವಳು, ಮೆತ್ತೆನೆಲ ಬರುವ ಮೊದಲು ಹುಟ್ಟಿದವಳು.

"ಯಾರವ್ವ ಬಿದ್ದಿದ್ದು?" ಎಂದಳು.

"ಯಾರೂ ಬಿದ್ದಿಲ್ಲಜ್ಜಿ."

"ಮತ್ಯಾಕೆ ನೆಲಕ್ಕೆ ಹೊಡಿತೀಯ? ಕೂಸು ಬಿದ್ರೆ ನೆಲಕ್ಕೆ ಎರಡು ಕೊಟ್ಟು, 'ನಮ್ಮ ಕೂಸನ್ನ ಬೀಳಿಸ್ತೀಯಾ' ಅಂತ ಬೈದು ಸಮಾಧಾನ ಮಾಡ್ತಿದ್ರು. ಬೀಳದೆ ಹೊಡದ್ರೆ ನೆಲ ಏನು ತಪ್ಪು ಮಾಡೈತಿ?"

ಹೊನ್ನಿಯೊಂದಿಗೆ ಮನೆಗೆ ಓಡಿ ಬಂದು, ಅವಳ ಎದುರಿಗೇ ವಿಡಿಯೋ ತೆಗೆದೆ. ನಿಮ್ಮ ಮಗಳು ನೆಲಕ್ಕೆ ಹೊಡೆಯುವ ಜಾಗಕ್ಕೆ ಬಂದು ನಿಲ್ಲಿಸಿದೆ. ಮೂಲೆಯಲ್ಲಿ ನೀಲಿ ದುಪಟ್ಟಾದ ತುದಿ ಕಾಣುತ್ತಿತ್ತು, ನೆಲದ ಮೇಲೆ ಚಾಚಿಕೊಂಡು. ನೀವು ಅಲ್ಲೇ ಬಿದ್ದಿದ್ದಿರಿ. ಆ ಪುಟ್ಟ ಹುಡುಗಿ ನಿಮ್ಮ ಪರವಾಗಿ ನೆಲವನ್ನು ಹೊಡೆಯುತ್ತಿದ್ದಳು. ನೀವು ನಿಮ್ಮನ್ನು ಕತ್ತರಿಸಿ ತೆಗೆದು, ಅವಳ ಕೈಯನ್ನು ಮಾತ್ರ ಉಳಿಸಿದ್ದಿರಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲವೇ?

ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಎಷ್ಟು ಸಲ ಬಿದ್ದಿರಿ ತಾಯಿ? ಹತ್ತು? ಇಪ್ಪತ್ತು? ಅದರಲ್ಲಿ ಒಂದೇ ಒಂದನ್ನು ಉಳಿಸಿದ್ದರೆ ನಾನು ಮಗಳಿಗೆ ಬಾವು ತೋರಿಸುತ್ತಿದ್ದೆ. ಕೈ ಹೇಗೆ ಊರಬೇಕೆಂದು ಅವಳಿಗೆ ಗೊತ್ತಿರುತ್ತಿತ್ತು. ನಿಮ್ಮ ಮಗಳಿಗೆ ನೀವು ಬಿದ್ದದ್ದು ಗೊತ್ತು. ಅವಳೆದುರು ಬೀಳಲು ನಿಮಗೆ ನಾಚಿಕೆಯಾಗಲಿಲ್ಲ. ನಾಚಿಕೆಯಾದದ್ದು ನಮ್ಮೆದುರು. ಗುರುತಿಲ್ಲದವರ ಮುಂದೆ ನುಣ್ಣಗೆ ಕಾಣುವ ಆಸೆಗೆ ನೀವು ಬರೆದ ಆ 'ಹತ್ತೇ ದಿನ'ವನ್ನು ನಾನು ವೇದವಾಕ್ಯವೆಂದು ನಂಬಿದೆ. ನಾನೂ ಮುಚ್ಚಿಟ್ಟೆ, ಒಪ್ಪುತ್ತೇನೆ. ಭಾಷೆ ಕೊಟ್ಟ ಮಗಳಿಗೇ ಮುಚ್ಚಿಟ್ಟೆ, ನನ್ನದು ಇನ್ನೂ ದೊಡ್ಡ ತಪ್ಪು. ಆದರೂ ಅದನ್ನು ಕಲಿತದ್ದು ನಿಮ್ಮಿಂದ.

ಒಂದು ಕೋರಿಕೆಯಿದೆ. ಕತ್ತರಿಸಿದ ತುಂಡುಗಳು ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಅಳಿಸಬೇಡಿ. ಯಾವುದಾದರೂ ಒಂದನ್ನು ಮತ್ತೆ ಸೇರಿಸಿ. ವಾದ್ಯ ತೆಗೆದುಹಾಕಿ, ಬಿದ್ದ ಸದ್ದು ಕೇಳಲಿ.

ಮೊನ್ನೆ ಹೊನ್ನಿಯ ಕೈಪಟ್ಟಿ ಬಿಚ್ಚಿದರು. ಹಲಗೆಗಳನ್ನು ನಾನಿನ್ನೂ ವಾಪಸು ಕೊಟ್ಟಿರಲಿಲ್ಲ, ಅವಳನ್ನು ಸೇತುವೆಗೆ ಕರೆದುಕೊಂಡು ಹೋದೆ. ಹಲಗೆ ಹತ್ತುವ ಮೊದಲು ನೆಲಕ್ಕೆ ಹೊಡೆಯಲಿಲ್ಲ. "ಬೀಳ್ತೀನಿ, ನೋಡ್ತಾ ಇರು," ಎಂದೆ. ಬೇಕೆಂದು ಬೀಳುವ ಅಗತ್ಯವೇ ಬರಲಿಲ್ಲ, ನಾಲ್ಕು ಮಾರು ಹೋಗುವಷ್ಟರಲ್ಲಿ ದೊಪ್ಪನೆ ಬಿದ್ದೆ. ನೋವಿಗೆ ಜೋರಾಗಿಯೇ ಕೂಗಿದೆ, ಈ ಸಲ ತಡೆದುಕೊಳ್ಳಲಿಲ್ಲ. ಹೊನ್ನಿ ಬಹಳ ಹೊತ್ತು ನಿಂತಲ್ಲೇ ನಿಂತು ನೋಡಿದಳು. ಆಮೇಲೆ ಬಂದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ವಾಸಿಯಾದ ಕೈಯಿಂದ ನೆಲಕ್ಕೆ ಒಂದು ಏಟು ಹಾಕಿದಳು. ನಾನು ಎರಡನೆಯದಕ್ಕೆ ಕಾದೆ.

"ಇನ್ನೊಂದು?" ಎಂದೆ.

"ಅದನ್ನ ಆ ಆಂಟಿಗೆ ಇಟ್ಕಂಡಿದೀನಿ," ಎಂದಳು.

ನಿಮ್ಮನ್ನು ಬೀಳಿಸಿದ ನೆಲಕ್ಕೋ, ನಿಮಗೋ ಎಂದು ನಾನು ಕೇಳಲಿಲ್ಲ.

ಇಂತಿ,
ನೀಲಾಂಬಿಕೆ